ಘಟನೆಗಳ ಸುತ್ತ ಪ್ರಕ್ರಿಯೆಯ ಚಿತ್ರ: ಇಪಿಸಿ, ಬಿಪಿಎಂಎನ್ ಮತ್ತು ಉಳಿದ ಪದ್ಧತಿಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಸಂಸ್ಥೆಯಲ್ಲಿ ಕೆಲಸಗಳು ಹೇಗೆ ನಡೆಯುತ್ತವೆ ಎಂಬುದನ್ನು ಚಿತ್ರದಲ್ಲಿ ಬರೆದಿಡಬೇಕೆಂದು ಒಪ್ಪಿಕೊಳ್ಳಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಯಾವ ಪದ್ಧತಿಯಲ್ಲಿ ಬರೆಯಬೇಕೆಂಬ ಮಾತು ಬಂದಾಗ ಚರ್ಚೆ ವಾರಗಟ್ಟಲೆ ಎಳೆಯುತ್ತದೆ. ಲೆಕ್ಕಪತ್ರ ವಿಭಾಗದವರು ತಾವು ಹಿಂದಿನಿಂದಲೂ ಬಲ್ಲ, ಘಟನೆ ಮತ್ತು ಕೆಲಸಗಳನ್ನು ಸರಪಳಿಯಂತೆ ಜೋಡಿಸುವ ಇಪಿಸಿ ಚಿತ್ರವೇ ಸಾಕೆನ್ನುತ್ತಾರೆ, ತಂತ್ರಾಂಶ ತಂಡದವರು ವ್ಯವಹಾರ ಪ್ರಕ್ರಿಯೆಗಳನ್ನು ಬರೆಯುವ ಮಾನಕ ಗುರುತುಗಳ ಪದ್ಧತಿಯಾದ ಬಿಪಿಎಂಎನ್ ಕೇಳುತ್ತಾರೆ, ವಿನ್ಯಾಸಕಾರರು ತಂತ್ರಾಂಶ ವಿನ್ಯಾಸದ ಚಿತ್ರಭಾಷೆಯಾದ ಯುಎಂಎಲ್ ಹೆಸರೆತ್ತುತ್ತಾರೆ, ಮೊದಲು ಗೋಡೆಯ ಮೇಲೆ ಬಣ್ಣದ ಚೀಟಿ ಅಂಟಿಸೋಣ ಎನ್ನುವವರೂ ಇರುತ್ತಾರೆ. ಪ್ರತಿಯೊಬ್ಬರ ಮಾತಿನಲ್ಲೂ ಹುರುಳಿರುವುದರಿಂದಲೇ ತೀರ್ಮಾನ ಕಷ್ಟವಾಗುತ್ತದೆ. ನನ್ನ ಅನುಭವದಲ್ಲಿ ಈ ಚರ್ಚೆಯನ್ನು ಬೇಗ ಇತ್ಯರ್ಥಕ್ಕೆ ತರುವ ಪ್ರಶ್ನೆ ಒಂದೇ: ನಿಮ್ಮ ಪ್ರಕ್ರಿಯೆ ಎಲ್ಲೆಲ್ಲಿ ಕಾಯುತ್ತದೆ, ಆ ಕಾಯುವಿಕೆಯನ್ನು ಕೊನೆಗೊಳಿಸುವವರು ಯಾರು?

ಹೋಲಿಕೆಗೆ ಒಂದೇ ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಗ್ರಾಹಕರೊಬ್ಬರು ಕೊಂಡ ಸರಕನ್ನು ಹಿಂದಿರುಗಿಸಲು ಕೋರಿಕೆ ಸಲ್ಲಿಸುತ್ತಾರೆ. ಸಿಬ್ಬಂದಿ ಅದನ್ನು ಪರಿಶೀಲಿಸಿ ಒಪ್ಪುತ್ತಾರೆ ಇಲ್ಲವೇ ತಿರಸ್ಕರಿಸುತ್ತಾರೆ. ಒಪ್ಪಿದ ಮೇಲೆ ಸರಕಿಗಾಗಿ ಕಾಯಬೇಕು. 14 ದಿನಗಳೊಳಗೆ ಅದು ಬಂದರೆ ತಪಾಸಣೆ ನಡೆಯುತ್ತದೆ, ಬಾರದಿದ್ದರೆ ಕೋರಿಕೆ ರದ್ದಾಗುತ್ತದೆ. ತಪಾಸಣೆಯಲ್ಲಿ ಸರಕು ಸರಿಯಿದ್ದರೆ ಹಣ ಮರಳಿಸುವ ಕೆಲಸವೂ ದಾಸ್ತಾನಿಗೆ ಸೇರಿಸುವ ಕೆಲಸವೂ ಏಕಕಾಲಕ್ಕೆ ಆರಂಭವಾಗುತ್ತವೆ. ಇದರಲ್ಲಿ ಎರಡು ಬಗೆಯ ಕವಲುಗಳಿವೆ. ಒಪ್ಪುವುದೋ ಬಿಡುವುದೋ ಎಂಬುದನ್ನು ಒಳಗಿನ ಒಬ್ಬ ವ್ಯಕ್ತಿ ನಿರ್ಧರಿಸುತ್ತಾನೆ. ಸರಕು ಮೊದಲು ಬಂದಿತೋ ಗಡುವು ಮೊದಲು ಮುಗಿಯಿತೋ ಎಂಬುದನ್ನು ಸಂಸ್ಥೆಯೊಳಗಿನ ಯಾರೂ ನಿರ್ಧರಿಸುವುದಿಲ್ಲ. ಯಾವ ಘಟನೆ ಮೊದಲು ಸಂಭವಿಸುತ್ತದೋ ಅದೇ ದಾರಿಯನ್ನು ತೀರ್ಮಾನಿಸುತ್ತದೆ. ಈ ಎರಡನೆಯ ಕವಲನ್ನು ಪ್ರತಿಯೊಂದು ಪದ್ಧತಿಯೂ ಹೇಗೆ ನಿಭಾಯಿಸುತ್ತದೆ ಎಂಬುದನ್ನು ನೋಡಿದರೆ ಅದರ ಶಕ್ತಿಯೂ ಮಿತಿಯೂ ಬಹುಪಾಲು ಕಾಣಿಸುತ್ತವೆ.

ಯಾವ ಅಳತೆಗೋಲುಗಳಿಂದ ಅಳೆಯಬೇಕು

ಮೊದಲನೆಯದು ಓದುಗರು. ಚಿತ್ರವನ್ನು ಓದಿ ಸರಿಯೆಂದು ಒಪ್ಪಬೇಕಾದವರು ಕೆಲಸ ಮಾಡುವವರೇ ಆಗಿದ್ದರೆ, ಅರ್ಧ ಗಂಟೆಯ ವಿವರಣೆಯಲ್ಲಿ ಅವರಿಗೆ ಅರ್ಥವಾಗದ ಪದ್ಧತಿ ಎಷ್ಟೇ ನಿಖರವಾಗಿದ್ದರೂ ಉಪಯೋಗಕ್ಕೆ ಬಾರದು. ಎರಡನೆಯದು ಚಿತ್ರದ ಮುಂದಿನ ಬದುಕು: ಅದು ಕೈಪಿಡಿಯಲ್ಲಿ ಉಳಿಯುತ್ತದೆಯೇ, ಲೆಕ್ಕಪರಿಶೋಧಕರ ಮುಂದೆ ಹೋಗುತ್ತದೆಯೇ, ಅಥವಾ ತಂತ್ರಾಂಶವೊಂದು ಅದನ್ನು ನೇರವಾಗಿ ಓದಿ ನಡೆಸಬೇಕೇ? ಮೂರನೆಯದು ನಾನು ಮೇಲೆ ಹೇಳಿದ ಕಾಯುವಿಕೆ, ಅಂದರೆ ಗಡುವುಗಳು, ಹೊರಗಿನವರ ಉತ್ತರಗಳು ಮತ್ತು ನಡುವೆ ಬಂದು ಕೆಲಸವನ್ನು ನಿಲ್ಲಿಸುವ ಸಂಗತಿಗಳು. ಪ್ರಕ್ರಿಯೆಯಲ್ಲಿ ಪಾಲ್ಗೊಳ್ಳುವ ಸಂಸ್ಥೆಗಳ ಸಂಖ್ಯೆಯನ್ನೂ, ಚಿತ್ರದಲ್ಲಿನ ತಪ್ಪನ್ನು ಯಂತ್ರ ತಾನಾಗಿ ಹಿಡಿಯಬಲ್ಲದೇ ಎಂಬುದನ್ನೂ ಇದರ ಜೊತೆಗೆ ನೋಡಬೇಕು.

ವೆಚ್ಚವೂ ಒಂದು ಅಳತೆಗೋಲೇ ಆದರೂ ಹೆಚ್ಚಿನವರು ಅದನ್ನು ತಪ್ಪಾಗಿ ಲೆಕ್ಕ ಹಾಕುತ್ತಾರೆ. ಚಿತ್ರ ಬರೆಯುವ ಉಪಕರಣದ ಪರವಾನಗಿ ಶುಲ್ಕ ಒಮ್ಮೆಗೆ ಕಣ್ಣಿಗೆ ಬೀಳುತ್ತದೆ. ಬದಲಾದ ಪ್ರಕ್ರಿಯೆಗೆ ತಕ್ಕಂತೆ ನೂರಾರು ಚಿತ್ರಗಳನ್ನು ವರ್ಷಾನುಗಟ್ಟಲೆ ತಿದ್ದುತ್ತಿರಲು ಬೇಕಾದ ಮಾನವ ದಿನಗಳು ಯಾವ ಅಂದಾಜುಪಟ್ಟಿಯಲ್ಲೂ ಕಾಣಿಸುವುದಿಲ್ಲ. ಪದ್ಧತಿ ಕ್ಲಿಷ್ಟವಾದಷ್ಟೂ ತಿದ್ದಬಲ್ಲವರ ಸಂಖ್ಯೆ ಕಡಿಮೆಯಾಗುತ್ತದೆ, ಕೊನೆಗೆ ಚಿತ್ರವೊಂದು ದಾರಿಯಲ್ಲೂ ಕೆಲಸವೊಂದು ದಾರಿಯಲ್ಲೂ ಸಾಗುತ್ತವೆ.

ಇಪಿಸಿ: ಘಟನೆಗೆ ಮೊದಲ ಮಣೆ

ಇಪಿಸಿ ಎಂದು ಕರೆಯಲಾಗುವ ಘಟನಾ ಪ್ರೇರಿತ ಪ್ರಕ್ರಿಯಾ ಸರಪಳಿಯನ್ನು 1992ರಲ್ಲಿ ಜರ್ಮನಿಯ ಸಾರ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಆಗಸ್ಟ್ ವಿಲ್‌ಹೆಲ್ಮ್ ಷೇರ್ ಮತ್ತವರ ಸಹೋದ್ಯೋಗಿಗಳು, ಉದ್ಯಮಗಳಿಗೆ ತಂತ್ರಾಂಶ ತಯಾರಿಸುವ ಸ್ಯಾಪ್ ಸಂಸ್ಥೆಯ ಸಹಯೋಗದೊಂದಿಗೆ ರೂಪಿಸಿದರು. ಸಂಸ್ಥೆಯ ಪ್ರಕ್ರಿಯೆಗಳನ್ನು ಚಿತ್ರಿಸಿಡುವ ಆರಿಸ್ ಎಂಬ ಚೌಕಟ್ಟಿನ ನಡುಗಂಬ ಇದೇ. ಸ್ಯಾಪ್‌ನ ಉದ್ಯಮ ನಿರ್ವಹಣಾ ತಂತ್ರಾಂಶವಾದ ಆರ್/3ರ ಮಾದರಿ ಪ್ರಕ್ರಿಯೆಗಳನ್ನು ಇದರಲ್ಲೇ ಬರೆದಿದ್ದರಿಂದ ಇದು ದೊಡ್ಡ ಸಂಸ್ಥೆಗಳಿಗೆಲ್ಲ ಹಬ್ಬಿತು.

ಇದರ ವ್ಯಾಕರಣ ಚಿಕ್ಕದು. ಘಟನೆಗೆ ಷಟ್ಕೋನ, ಕಾರ್ಯಕ್ಕೆ ಮೂಲೆಗಳು ದುಂಡಗಿರುವ ಆಯತ, ಕೂಡುವ ಮತ್ತು ಕವಲೊಡೆಯುವ ಜಾಗಗಳಿಗೆ ಪುಟ್ಟ ವೃತ್ತ. ವೃತ್ತದಲ್ಲಿ ಮೂರು ಬಗೆ: ‘ಎಲ್ಲವೂ’, ‘ಯಾವುದಾದರೊಂದು ಮಾತ್ರ’, ‘ಒಂದು ಅಥವಾ ಹೆಚ್ಚು’. ಚಿತ್ರ ಘಟನೆಯಿಂದಲೇ ಆರಂಭವಾಗಿ ಘಟನೆಯಲ್ಲೇ ಮುಗಿಯಬೇಕು. ನಡುವೆ ಘಟನೆಯೂ ಕಾರ್ಯವೂ ಒಂದಾದ ಮೇಲೊಂದು ಬರಬೇಕು. ಈ ಕಟ್ಟುಪಾಡಿಗೆ ನಾನು ಬಹಳ ಬೆಲೆ ಕೊಡುತ್ತೇನೆ. ‘ಕೋರಿಕೆಯನ್ನು ಪರಿಶೀಲಿಸು’ ಎಂಬ ಆಯತದ ಕೆಳಗೆ ‘ಕೋರಿಕೆ ಒಪ್ಪಿಗೆಯಾಗಿದೆ’, ‘ಕೋರಿಕೆ ತಿರಸ್ಕೃತವಾಗಿದೆ’ ಎಂಬ ಎರಡು ಷಟ್ಕೋನಗಳನ್ನು ಬರೆಯಲೇಬೇಕಾದಾಗ, ‘ಹೆಚ್ಚಿನ ಮಾಹಿತಿ ಕೇಳಿದ್ದೇವೆ’ ಎಂಬ ಮೂರನೆಯ ಸ್ಥಿತಿಯೂ ಇದೆಯಲ್ಲವೇ ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಬರೀ ಕೆಲಸಗಳ ಪೆಟ್ಟಿಗೆಗಳನ್ನು ಬಾಣಗಳಿಂದ ಜೋಡಿಸುತ್ತ ಹೋದರೆ ಈ ಪ್ರಶ್ನೆ ಏಳುವುದೇ ಇಲ್ಲ.

ಇಲ್ಲಿ ಕನ್ನಡದಲ್ಲಿ ಬರೆಯುವವರು ಗಮನಿಸಬೇಕಾದ ಒಂದು ಸಂಗತಿಯಿದೆ. ನಮ್ಮಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ‘ಪರಿಶೀಲಿಸು’ ಮತ್ತು ‘ಪರಿಶೀಲನೆಯಾಗಿದೆ’ ಎಂಬ ವ್ಯತ್ಯಾಸ ಒಂದು ನೋಟಕ್ಕೇ ತಿಳಿಯುತ್ತದೆ. ಆದರೆ ಕಚೇರಿಯ ಬರವಣಿಗೆಗೆ ನಾಮಪದಗಳ ಮೋಹ ಹೆಚ್ಚು. ಪೆಟ್ಟಿಗೆಯಲ್ಲಿ ‘ಅನುಮೋದನೆ’ ಎಂದಷ್ಟೇ ಬರೆದರೆ ಅನುಮೋದನೆ ಕೊಡುವ ಕೆಲಸ ನಡೆಯಬೇಕಾಗಿದೆಯೋ, ಅನುಮೋದನೆ ಈಗಾಗಲೇ ದೊರೆತಿದೆಯೋ ತಿಳಿಯುವುದಿಲ್ಲ. ಯಾವ ಪದ್ಧತಿಯನ್ನು ಆರಿಸಿಕೊಂಡರೂ ಕಾರ್ಯಕ್ಕೆ ವಿಧಿರೂಪ, ಘಟನೆಗೆ ‘ಆಗಿದೆ’, ‘ಬಂದಿದೆ’, ‘ಮುಗಿದಿದೆ’ ಎಂಬ ರೂಪ ಎಂಬ ನಿಯಮವನ್ನು ಮೊದಲ ದಿನವೇ ಮಾಡಿಕೊಳ್ಳಿ.

ಈಗ ಇಪಿಸಿಯ ಮಿತಿಗಳು. ಘಟನೆ ನಿಷ್ಕ್ರಿಯವಾದದ್ದು, ಅದು ತಾನೇ ನಿರ್ಧಾರ ಕೈಗೊಳ್ಳಲಾರದು ಎಂಬ ತತ್ತ್ವದ ಮೇಲೆ, ಘಟನೆಯ ಬೆನ್ನಿಗೇ ‘ಯಾವುದಾದರೊಂದು’ ಅಥವಾ ‘ಒಂದು ಅಥವಾ ಹೆಚ್ಚು’ ಎಂಬ ಕವಲನ್ನು ಇಡುವಂತಿಲ್ಲ. ಒಪ್ಪಿಗೆಯ ಕವಲಿಗೆ ಈ ನಿಯಮ ಸೊಗಸಾಗಿ ಒಪ್ಪುತ್ತದೆ. ಸರಕು ಮತ್ತು ಗಡುವಿನ ಪೈಪೋಟಿಗೆ ಒಪ್ಪುವುದಿಲ್ಲ. ‘ಕೋರಿಕೆ ಒಪ್ಪಿಗೆಯಾಗಿದೆ’ ಎಂಬ ಘಟನೆಯ ನಂತರ ‘ಸರಕಿಗಾಗಿ ಕಾಯು’ ಎಂಬ ಕೃತಕ ಕಾರ್ಯವೊಂದನ್ನು ಸೃಷ್ಟಿಸಿ, ಅದರ ಕೆಳಗೆ ‘ಸರಕು ಬಂದಿದೆ’, ‘14 ದಿನ ಕಳೆದಿದೆ’ ಎಂದು ಎರಡು ಷಟ್ಕೋನ ಬರೆಯಬೇಕಾಗುತ್ತದೆ. ಓದುಗರಿಗೆ ಅರ್ಥವಾಗುತ್ತದೆ ನಿಜ. ಆದರೆ ಯಾರೋ ಒಬ್ಬರು ಕುಳಿತು ಕಾಯುವ ಕೆಲಸ ಮಾಡುತ್ತ ಕೊನೆಗೆ ತೀರ್ಮಾನ ಹೇಳುತ್ತಾರೆಂಬ ಸುಳ್ಳು ಚಿತ್ರವೂ ಅದರೊಂದಿಗೆ ಬರುತ್ತದೆ. ಕೆಲಸವೊಂದು ನಡೆಯುತ್ತಿರುವಾಗಲೇ ನಡುವೆ ಬಂದು ನಿಲ್ಲಿಸುವ ಘಟನೆಗೆ ಇಪಿಸಿಯಲ್ಲಿ ಪ್ರತ್ಯೇಕ ಗುರುತೇ ಇಲ್ಲ.

ಇದಕ್ಕಿಂತ ದೊಡ್ಡ ತೊಡಕು ‘ಒಂದು ಅಥವಾ ಹೆಚ್ಚು’ ವೃತ್ತ ದಾರಿಗಳನ್ನು ಕೂಡಿಸುವಾಗ ಬರುತ್ತದೆ. ಎಷ್ಟು ದಾರಿಗಳಿಂದ ಕೆಲಸ ಬರಲಿದೆಯೆಂದು ಆ ವೃತ್ತಕ್ಕೆ ತನ್ನ ಸ್ಥಳದಲ್ಲೇ ತಿಳಿಯುವುದಿಲ್ಲ. ಹಿಂದೆ ಎಲ್ಲೆಲ್ಲಿ ಕೆಲಸ ಇನ್ನೂ ಬಾಕಿಯಿದೆ ಎಂದು ಇಡೀ ಚಿತ್ರವನ್ನು ನೋಡಿಯೇ ಹೇಳಬೇಕು. ನಾನು ಭಾಗಿಯಾಗಿದ್ದ ಒಂದು ಖರೀದಿ ಪ್ರಕ್ರಿಯೆಯಲ್ಲಿ ಹಣಕಾಸು ಮತ್ತು ತಾಂತ್ರಿಕ ವಿಭಾಗಗಳ ಒಪ್ಪಿಗೆಗಳು ಇಂಥ ವೃತ್ತದಲ್ಲಿ ಕೂಡುತ್ತಿದ್ದವು. ಚಿತ್ರ ಬರೆದ ನಮ್ಮ ಮನಸ್ಸಿನಲ್ಲಿದ್ದದ್ದು ‘ಯಾರ ಯಾರ ಒಪ್ಪಿಗೆ ಕೇಳಿದ್ದೇವೋ ಅವರೆಲ್ಲರದೂ ಬಂದ ಮೇಲೆ’ ಎಂದು. ತಂತ್ರಾಂಶ ಬರೆದವರು ಓದಿಕೊಂಡದ್ದು ‘ಯಾರದು ಮೊದಲು ಬಂದರೂ ಸರಿ’ ಎಂದು. ತಾಂತ್ರಿಕ ಒಪ್ಪಿಗೆ ಬರುವ ಮೊದಲೇ ಖರೀದಿ ಆದೇಶ ಹೊರಟುಹೋಯಿತು. ಆ ಚಿತ್ರವನ್ನು ಇಂದು ನೋಡಿದರೂ ಎರಡು ಅರ್ಥಗಳಿಗೂ ಅದರಲ್ಲಿ ಅವಕಾಶವಿದೆ, ಅದೇ ಅದರ ದೋಷ.

ಪರಿಣತರು ಬರೆದ ಚಿತ್ರಗಳಲ್ಲೂ ತಪ್ಪುಗಳಿರುತ್ತವೆ. ಸ್ಯಾಪ್ ಮಾದರಿಯ 604 ಇಪಿಸಿ ಚಿತ್ರಗಳನ್ನು ಸಂಶೋಧಕರು ಯಾಂತ್ರಿಕವಾಗಿ ಪರೀಕ್ಷಿಸಿದಾಗ ಕನಿಷ್ಠ 34ರಲ್ಲಿ ದೋಷಗಳು ಸಿಕ್ಕವು. ‘ಯಾವುದಾದರೊಂದು’ ಎಂದು ಕವಲೊಡೆದ ದಾರಿಗಳನ್ನು ಮುಂದೆ ‘ಎಲ್ಲವೂ’ ಎಂಬ ವೃತ್ತದಲ್ಲಿ ಕೂಡಿಸಿದರೆ, ಬಾರದ ದಾರಿಗಾಗಿ ಕಾಯುತ್ತ ಪ್ರಕ್ರಿಯೆ ಅಲ್ಲಿಯೇ ನಿಂತುಬಿಡುತ್ತದೆ. ಇಂಥ ದೋಷ ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಇಪಿಸಿಗೆ ಅಂತರರಾಷ್ಟ್ರೀಯ ಮಾನಕವಿಲ್ಲ. ಉಪಕರಣಗಳ ನಡುವೆ ಚಿತ್ರಗಳನ್ನು ಸಾಗಿಸಲು ಇಪಿಎಂಎಲ್ ಎಂಬ ಕಡತರೂಪವನ್ನು ಪ್ರಸ್ತಾಪಿಸಲಾಗಿತ್ತಾದರೂ ಅದು ವ್ಯಾಪಕವಾಗಿ ಬೇರೂರಲಿಲ್ಲ. ಆದ್ದರಿಂದ ಇಪಿಸಿಯನ್ನು ಆರಿಸುವವರು ಒಂದು ಉಪಕರಣಕ್ಕೆ ಕಟ್ಟುಬೀಳುವ ಅಪಾಯವನ್ನೂ ಆರಿಸಿಕೊಳ್ಳುತ್ತಿದ್ದಾರೆಂದು ತಿಳಿದಿರಬೇಕು.

ಬಿಪಿಎಂಎನ್: ನಿಖರತೆ ಮತ್ತು ಅದರ ಬೆಲೆ

ಬಿಪಿಎಂಎನ್‌ನ ಮೊದಲ ಆವೃತ್ತಿ 2004ರಲ್ಲಿ ಬಂದಿತು. ಇಂದು ಬಳಕೆಯಲ್ಲಿರುವ 2.0 ಆವೃತ್ತಿಯನ್ನು ತಂತ್ರಾಂಶ ಮಾನಕಗಳನ್ನು ರೂಪಿಸುವ ಒಎಂಜಿ ಸಂಸ್ಥೆ 2011ರಲ್ಲಿ ಪ್ರಕಟಿಸಿತು, 2013ರಲ್ಲಿ ಅದು ಐಎಸ್‌ಒ 19510 ಎಂಬ ಮಾನಕವಾಯಿತು. ಚಿತ್ರವನ್ನು ಉಳಿಸುವ ಕಡತರೂಪವೂ ಮಾನಕದ ಭಾಗವೇ ಆಗಿರುವುದರಿಂದ ಒಂದು ಉಪಕರಣದಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ತೆರೆಯಬಹುದು.

ಇಲ್ಲಿ ಘಟನೆಯೆಂದರೆ ವೃತ್ತ: ಆರಂಭಕ್ಕೆ ತೆಳುಗೆರೆ, ನಡುವಿನದಕ್ಕೆ ಜೋಡಿಗೆರೆ, ಮುಕ್ತಾಯಕ್ಕೆ ದಪ್ಪಗೆರೆ. ವೃತ್ತದೊಳಗಿನ ಗುರುತು ಅದು ಸಂದೇಶವೋ, ಗಡುವೋ, ದೋಷವೋ ಎಂಬುದನ್ನು ಹೇಳುತ್ತದೆ. ನಮ್ಮ ಉದಾಹರಣೆಯ ಪೈಪೋಟಿಗೆ ಇದರಲ್ಲಿ ಹೇಳಿಮಾಡಿಸಿದಂಥ ಗುರುತೇ ಇದೆ. ದಾರಿಗಳು ಕವಲೊಡೆಯುವ ಅಥವಾ ಕೂಡುವ ಜಾಗದ ವಜ್ರಾಕೃತಿಗೆ ಇಲ್ಲಿ ಗೇಟ್‌ವೇ ಎಂದು ಹೆಸರು. ಘಟನಾಧಾರಿತ ಗೇಟ್‌ವೇಯಿಂದ ಎರಡು ಬಾಣ ಹೊರಡುತ್ತವೆ. ಒಂದು ‘ಸರಕು ಬಂದಿದೆ’ ಎಂಬ ಸಂದೇಶದ ವೃತ್ತಕ್ಕೆ, ಇನ್ನೊಂದು ಗಡಿಯಾರದ ಗುರುತಿರುವ ‘14 ದಿನ ಕಳೆದಿದೆ’ ಎಂಬ ವೃತ್ತಕ್ಕೆ. ಮೊದಲು ಸಂಭವಿಸಿದ್ದು ಗೆಲ್ಲುತ್ತದೆ, ಇನ್ನೊಂದು ದಾರಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಗಡಿಯಾರದ ಒಳವಿವರದಲ್ಲಿ ದಿನಾಂಕ ಮತ್ತು ಅವಧಿ ಬರೆಯುವ ಐಎಸ್‌ಒ 8601 ಕ್ರಮದಂತೆ ‘P14D’ (14 ದಿನ) ಎಂದು ನಮೂದಿಸಿದರೆ ಪ್ರಕ್ರಿಯೆ ನಡೆಸುವ ತಂತ್ರಾಂಶ ಅದನ್ನು ಹಾಗೆಯೇ ಪಾಲಿಸುತ್ತದೆ. ಇದಲ್ಲದೆ ಕೆಲಸದ ಪೆಟ್ಟಿಗೆಯ ಅಂಚಿಗೇ ಘಟನೆಯನ್ನು ಅಂಟಿಸಬಹುದು: ತಪಾಸಣೆ ನಡೆಯುತ್ತಿರುವಾಗ ಗ್ರಾಹಕರು ಕೋರಿಕೆಯನ್ನು ಹಿಂತೆಗೆದುಕೊಂಡರೆ ತಪಾಸಣೆ ಅಲ್ಲಿಗೇ ನಿಲ್ಲುತ್ತದೆಂದು ಅಖಂಡ ಗೆರೆಯ ವೃತ್ತ ಹೇಳುತ್ತದೆ, ತಪಾಸಣೆ 3 ದಿನ ಮೀರಿದರೆ ಮೇಲಧಿಕಾರಿಗೆ ಜ್ಞಾಪನೆ ಹೋಗುತ್ತದೆ, ಆದರೆ ಕೆಲಸ ಮುಂದುವರಿಯುತ್ತದೆಂದು ತುಂಡುಗೆರೆಯ ವೃತ್ತ ಹೇಳುತ್ತದೆ. ಒಂದಕ್ಕಿಂತ ಹೆಚ್ಚು ಸಂಸ್ಥೆಗಳಿದ್ದಾಗ ಪ್ರತಿಯೊಂದಕ್ಕೂ ಪ್ರತ್ಯೇಕ ಪಟ್ಟಿ (ಪೂಲ್ ಎಂಬ ಉದ್ದನೆಯ ಆವರಣ), ಪಟ್ಟಿಗಳ ನಡುವೆ ಸಂದೇಶಗಳಿಗೆ ಮಾತ್ರ ದಾರಿ.

ಇಷ್ಟೆಲ್ಲ ಇರುವುದೇ ಅದರ ಕಷ್ಟವೂ ಹೌದು. ಗುರುತುಗಳ ಸಂಖ್ಯೆ ದೊಡ್ಡದು, ಅವುಗಳ ನಡುವಿನ ಸೂಕ್ಷ್ಮ ವ್ಯತ್ಯಾಸವನ್ನು ದಿನನಿತ್ಯ ಬಳಸದವರು ನೆನಪಿಟ್ಟುಕೊಳ್ಳುವುದಿಲ್ಲ. ಹೊಸಬರು ಮಾಡುವ ಒಂದು ತಪ್ಪನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ: ಏಕಕಾಲದಲ್ಲಿ ಸಾಗಿದ ಎರಡು ದಾರಿಗಳನ್ನು ಗೇಟ್‌ವೇ ಇಡದೆ ನೇರವಾಗಿ ಒಂದು ಪೆಟ್ಟಿಗೆಗೆ ತರುತ್ತಾರೆ. ಎರಡೂ ಮುಗಿದ ಮೇಲೆ ಮುಂದಿನ ಕೆಲಸ ಒಮ್ಮೆ ನಡೆಯುತ್ತದೆಂಬುದು ಅವರ ಎಣಿಕೆ, ಆದರೆ ಮಾನಕದ ಪ್ರಕಾರ ಆ ಕೆಲಸ ಎರಡು ಬಾರಿ ನಡೆಯುತ್ತದೆ. ಹಣ ಮರಳಿಸಿದ್ದರ ಪತ್ರ ಗ್ರಾಹಕರಿಗೆ ಎರಡೆರಡು ಸಲ ಹೋಗುವುದು ಇಂಥ ಕಡೆ. ‘ಒಂದು ಅಥವಾ ಹೆಚ್ಚು’ ಎಂಬ ಕೂಡುವಿಕೆಯ ಗೊಂದಲ ಬಿಪಿಎಂಎನ್‌ನಲ್ಲೂ ಇದೆ, ಮಾನಕ ಅದಕ್ಕೆ ನಿಯಮ ಕೊಟ್ಟಿದ್ದರೂ ಓದುಗರಿಗೆ ಅದು ತಿಳಿದಿರುವುದಿಲ್ಲ. ಆರಂಭ ಘಟನೆಯನ್ನು ಬಿಟ್ಟು ಬರೆಯಲು ಮಾನಕ ಅನುಮತಿಸುತ್ತದೆ, ಪ್ರತಿ ಕಾರ್ಯದ ನಂತರ ಘಟನೆ ಬೇಕೆಂಬ ಒತ್ತಾಯವೂ ಇಲ್ಲ. ಹೀಗಾಗಿ ಇಪಿಸಿ ಬಲವಂತವಾಗಿ ಕಲಿಸುವ ಶಿಸ್ತನ್ನು ಇಲ್ಲಿ ತಂಡವೇ ರೂಢಿಸಿಕೊಳ್ಳಬೇಕು.

ಆಕ್ಟಿವಿಟಿ ಚಿತ್ರ, ಸ್ಥಿತಿಚಿತ್ರ, ಪೆಟ್ರಿ ಜಾಲ

ಕೆಲಸಗಳ ಹರಿವನ್ನು ತೋರಿಸುವ ಯುಎಂಎಲ್‌ನ ಆಕ್ಟಿವಿಟಿ ಚಿತ್ರದಲ್ಲಿಯೂ ಘಟನೆಗಾಗಿ ಕಾಯುವ ಗುರುತಿದೆ, ಗಡುವಿಗೆ ಮರಳು ಗಡಿಯಾರದ ಆಕೃತಿಯಿದೆ, ಅಡ್ಡಿಪಡಿಸಬಹುದಾದ ವಲಯವನ್ನು ತುಂಡುಗೆರೆಯಿಂದ ಆವರಿಸಿ ತೋರಿಸಬಹುದು. ತಂಡ ಈಗಾಗಲೇ ತನ್ನ ತಂತ್ರಾಂಶ ವಿನ್ಯಾಸವನ್ನೆಲ್ಲ ಯುಎಂಎಲ್‌ನಲ್ಲಿ ಇಟ್ಟಿದ್ದರೆ ಇನ್ನೊಂದು ಪದ್ಧತಿಯನ್ನು ತರುವುದಕ್ಕಿಂತ ಇದೇ ಮೇಲು. ಕೆಲಸ ಮಾಡುವ ಸಿಬ್ಬಂದಿಗೆ ಓದಿಸುವ ಉದ್ದೇಶವಿದ್ದರೆ ನಾನು ಇದನ್ನು ಸೂಚಿಸುವುದಿಲ್ಲ.

ಒಂದೇ ವಸ್ತುವಿನ ಬದುಕನ್ನು ಹಿಂಬಾಲಿಸಬೇಕಾದಾಗ ಸ್ಥಿತಿಚಿತ್ರ ಇವೆಲ್ಲಕ್ಕಿಂತ ಸ್ಪಷ್ಟ. ನಮ್ಮ ಕೋರಿಕೆಯನ್ನು ‘ಸಲ್ಲಿಕೆಯಾಗಿದೆ’, ‘ಸರಕಿನ ನಿರೀಕ್ಷೆಯಲ್ಲಿದೆ’, ‘ತಪಾಸಣೆಯಲ್ಲಿದೆ’, ‘ಮುಗಿದಿದೆ’, ‘ರದ್ದಾಗಿದೆ’ ಎಂಬ ಐದು ಸ್ಥಿತಿಗಳಾಗಿ ಬರೆದು, ಬಾಣಗಳ ಮೇಲೆ ಘಟನೆಗಳ ಹೆಸರಿಟ್ಟರೆ ಕಾಯುವಿಕೆ ತಾನಾಗಿ ಕಾಣಿಸುತ್ತದೆ, ಏಕೆಂದರೆ ಸ್ಥಿತಿಯೆಂದರೆ ಕಾಯುವಿಕೆಯೇ. ಯಾರು ಯಾವ ಕೆಲಸ ಮಾಡುತ್ತಾರೆಂಬುದು ಮಾತ್ರ ಅದರಲ್ಲಿ ಮರೆಯಾಗುತ್ತದೆ.

ಗಣಿತದ ಆಧಾರವಿರುವ ಚಿತ್ರಪದ್ಧತಿಯಾದ ಪೆಟ್ರಿ ಜಾಲ ಇಪಿಸಿ, ಬಿಪಿಎಂಎನ್‌ಗಳಿಗಿಂತ ಹಳೆಯದು. ಕಾರ್ಲ್ ಆಡಮ್ ಪೆಟ್ರಿ ಅವರ 1962ರ ಪ್ರಬಂಧದಿಂದ ಬಂದದ್ದು. ಪ್ರಕ್ರಿಯೆ ಎಲ್ಲಿಯೂ ಸಿಕ್ಕಿಹಾಕಿಕೊಳ್ಳುವುದಿಲ್ಲವೆಂದು ಗಣಿತದಿಂದ ಸಾಧಿಸಬೇಕಾದಲ್ಲಿ ಇದು ಬೇಕೇ ಬೇಕು, ಮತ್ತು ಉಳಿದ ಪದ್ಧತಿಗಳ ಪರೀಕ್ಷಾ ಉಪಕರಣಗಳಲ್ಲಿ ಎಷ್ಟೋ ಕಡೆ ಒಳಗೆ ಕೆಲಸ ಮಾಡುವುದೂ ಇದೇ. ವ್ಯವಹಾರದ ಸಭೆಯಲ್ಲಿ ಇದನ್ನು ಹರಡಿ ಕೂರುವ ಅಗತ್ಯ ಬೀಳುವುದಿಲ್ಲ.

ಗೋಡೆಯ ಮೇಲಿನ ಚೀಟಿಗಳು

2013ರ ಸುಮಾರಿಗೆ ಅಲ್ಬರ್ಟೊ ಬ್ರಾಂಡೊಲಿನಿ ರೂಢಿಗೆ ತಂದ ಇವೆಂಟ್ ಸ್ಟಾರ್ಮಿಂಗ್ ಕಟ್ಟುನಿಟ್ಟಿನ ಚಿತ್ರಪದ್ಧತಿಯಲ್ಲ, ಒಟ್ಟಿಗೆ ಕುಳಿತು ತಿಳಿದುಕೊಳ್ಳುವ ಕ್ರಮ. ಕೆಲಸ ಬಲ್ಲವರೂ ತಂತ್ರಾಂಶದವರೂ ಉದ್ದನೆಯ ಕಾಗದದ ಮುಂದೆ ನಿಂತು ಕಿತ್ತಳೆ ಬಣ್ಣದ ಚೀಟಿಗಳಲ್ಲಿ ಆಗಿಹೋದ ಘಟನೆಗಳನ್ನು ಬರೆದು ಕಾಲಕ್ರಮದಲ್ಲಿ ಅಂಟಿಸುತ್ತಾರೆ. ಆಜ್ಞೆಗಳಿಗೆ ನೀಲಿ, ಹೊರಗಿನ ವ್ಯವಸ್ಥೆಗಳಿಗೆ ಗುಲಾಬಿ ಬಣ್ಣ. ವಾದ ಎದ್ದ ಜಾಗಕ್ಕೊಂದು ಗುರುತು ಹಾಕಿ ಮುಂದೆ ಸಾಗುತ್ತಾರೆ. ಕಾಗದ ಮತ್ತು ಚೀಟಿಗಳಿಗೆ ಖರ್ಚು ಅತ್ಯಲ್ಪ, ಆದರೆ ಹತ್ತು ಹದಿನೈದು ಮಂದಿಯ ಅರ್ಧ ದಿನ ಬೇಕೆಂಬುದನ್ನು ಲೆಕ್ಕಕ್ಕೆ ಹಿಡಿಯಿರಿ. ಪ್ರಕ್ರಿಯೆ ನಿಜವಾಗಿ ಹೇಗೆ ನಡೆಯುತ್ತದೆಂದು ಯಾರೊಬ್ಬರಿಗೂ ಪೂರ್ತಿಯಾಗಿ ಗೊತ್ತಿಲ್ಲದಿರುವಾಗ ಇದಕ್ಕಿಂತ ಒಳ್ಳೆಯ ಆರಂಭವನ್ನು ನಾನು ಕಂಡಿಲ್ಲ. ಸರಕು ಬಾರದಿದ್ದರೆ ಏನಾಗುತ್ತದೆಂದು ಗೋಡೆಯ ಮುಂದೆ ಕೇಳಿದಾಗ, ಒಪ್ಪಿಗೆ ಕೊಟ್ಟವರೂ ಗೋದಾಮಿನವರೂ ಪರಸ್ಪರ ಮುಖ ನೋಡಿಕೊಂಡರೆ, ಚಿತ್ರದಲ್ಲಿ ಬಿಟ್ಟುಹೋಗಲಿದ್ದ ಕವಲು ಸಿಕ್ಕಿತೆಂದೇ ಅರ್ಥ. ಆದರೆ ಕವಲು ಮತ್ತು ಕೂಡುವಿಕೆಯ ನಿಖರ ನಿಯಮಗಳಿಗೆ ಇಲ್ಲಿ ಜಾಗವಿಲ್ಲ, ಆದ್ದರಿಂದ ಚೀಟಿಗಳ ಫೋಟೊ ತೆಗೆದು ಅದನ್ನೇ ಅಂತಿಮ ದಾಖಲೆಯೆಂದು ಇಟ್ಟುಕೊಳ್ಳಬೇಡಿ.

ನಿಮ್ಮ ಅಗತ್ಯಕ್ಕೆ ಯಾವುದು

ಚಿಕ್ಕ ತಂಡ, ಬೆರಳೆಣಿಕೆಯ ಪ್ರಕ್ರಿಯೆಗಳು, ಯಾಂತ್ರೀಕರಣದ ಯೋಚನೆ ಸದ್ಯಕ್ಕಿಲ್ಲ ಎಂದಾದರೆ ಅರ್ಧ ದಿನದ ಚೀಟಿಗಳ ಸಭೆ ನಡೆಸಿ, ಅದರ ಫಲವನ್ನು ಬಿಪಿಎಂಎನ್‌ನ ಹತ್ತು ಹನ್ನೆರಡು ಗುರುತುಗಳಲ್ಲಿ ಮಾತ್ರ ಬರೆಯಿರಿ: ಆರಂಭ, ಮುಕ್ತಾಯ, ಸಂದೇಶ ಮತ್ತು ಗಡುವಿನ ವೃತ್ತಗಳು, ಕೆಲಸದ ಪೆಟ್ಟಿಗೆ, ಮೂರು ಬಗೆಯ ಗೇಟ್‌ವೇ, ಪಟ್ಟಿಗಳು. ಡ್ರಾ.ಐಒದಂಥ ಉಚಿತ ಉಪಕರಣದಲ್ಲಿ ಇಪಿಸಿ ಮತ್ತು ಬಿಪಿಎಂಎನ್ ಎರಡರ ಆಕೃತಿಗಳೂ ಇವೆ, ಆದರೆ ಅದು ಆಕೃತಿಗಳನ್ನು ಬರೆಯಲು ಬಿಡುತ್ತದೆಯೇ ಹೊರತು ವ್ಯಾಕರಣವನ್ನು ಕಾಯುವುದಿಲ್ಲ. ಕಮುಂಡ ಮಾಡೆಲರ್ ಕೂಡ ಉಚಿತವಾಗಿಯೇ ಸಿಗುತ್ತದೆ, ಮಾನಕದ ಕಡತರೂಪದಲ್ಲಿ ಉಳಿಸುತ್ತದೆ. ಮುಂದೆಂದಾದರೂ ಯಾಂತ್ರೀಕರಣಕ್ಕೆ ಹೋಗುವುದಾದರೆ ಮಾಡಿದ ಕೆಲಸ ವ್ಯರ್ಥವಾಗುವುದಿಲ್ಲ.

ಹಲವು ವಿಭಾಗಗಳ ದೊಡ್ಡ ಸಂಸ್ಥೆ, ಆರಿಸ್‌ನಲ್ಲಿ ಈಗಾಗಲೇ ನೂರಾರು ಇಪಿಸಿ ಚಿತ್ರಗಳು, ಓದುವವರು ಲೆಕ್ಕಪರಿಶೋಧಕರು ಮತ್ತು ವ್ಯವಸ್ಥಾಪಕರು ಎಂದಾದರೆ ಎಲ್ಲವನ್ನೂ ಬಿಪಿಎಂಎನ್‌ಗೆ ಬದಲಿಸುವ ಸಾಹಸ ಬೇಡ. ಇಪಿಸಿಯನ್ನೇ ಉಳಿಸಿಕೊಂಡು, ‘ಒಂದು ಅಥವಾ ಹೆಚ್ಚು’ ಎಂಬ ಕೂಡುವಿಕೆಯನ್ನು ಸಾಧ್ಯವಾದಷ್ಟು ನಿಷೇಧಿಸಿ, 50ಕ್ಕಿಂತ ಹೆಚ್ಚು ಅಂಶಗಳಿರುವ ಚಿತ್ರಗಳನ್ನು ಒಡೆಯಿರಿ. ಪ್ರಕ್ರಿಯಾ ಚಿತ್ರಗಳ ಸಂಶೋಧಕರು 2010ರಲ್ಲಿ ಮುಂದಿಟ್ಟ ಏಳು ಮಾರ್ಗಸೂಚಿಗಳಲ್ಲಿ ಈ ಎರಡೂ ಇವೆ.

ಗಡುವುಗಳೂ ಹೊರಗಿನವರ ಉತ್ತರಗಳೂ ತುಂಬಿರುವ, ತಂತ್ರಾಂಶವೇ ನಡೆಸಬೇಕಾದ ಪ್ರಕ್ರಿಯೆಗಳಿಗೆ ಬಿಪಿಎಂಎನ್ ಹೊರತು ಬೇರೆ ಆಯ್ಕೆಯ ಬಗ್ಗೆ ಹೆಚ್ಚು ಯೋಚಿಸಬೇಕಾಗಿಲ್ಲ. ತರಬೇತಿಗೆ ಹಣ ತೆಗೆದಿಡಿ, ಮತ್ತು ಸಿಬ್ಬಂದಿ ಓದಲು ಒಂದು ಸರಳ ಚಿತ್ರ, ಯಂತ್ರ ಓದಲು ಇನ್ನೊಂದು ವಿವರವಾದ ಚಿತ್ರ ಎಂದು ಎರಡು ಹಂತ ಮಾಡಿಕೊಳ್ಳಿ. ಎರಡನ್ನೂ ಜೊತೆಜೊತೆಯಾಗಿ ತಿದ್ದುತ್ತಿರಬೇಕಾದ ಹೊರೆ ಇದರಿಂದ ಬರುತ್ತದೆ, ಅದು ನಿಜವಾದ ಹೊರೆಯೇ.

ಹಳೆಯ ಇಪಿಸಿ ಚಿತ್ರಗಳಲ್ಲಿ ಕೆಲವನ್ನಷ್ಟೇ ಯಾಂತ್ರೀಕರಣಕ್ಕೆಂದು ಬಿಪಿಎಂಎನ್‌ಗೆ ತರುವವರಿಗೆ ಒಂದು ಮಾತು. ಪ್ರತಿ ಷಟ್ಕೋನವನ್ನೂ ಒಂದೊಂದು ವೃತ್ತವಾಗಿ ಬದಲಿಸಬೇಡಿ. ‘ಕೋರಿಕೆ ಪರಿಶೀಲನೆಯಾಗಿದೆ’ ಎಂಬಂಥವು ಹಿಂದಿನ ಕೆಲಸ ಮುಗಿದದ್ದನ್ನು ಮಾತ್ರ ಹೇಳುತ್ತವೆ, ಅವನ್ನು ಬಿಟ್ಟುಬಿಡಿ. ‘ಕೋರಿಕೆ ಒಪ್ಪಿಗೆಯಾಗಿದೆ’ ಎಂಬಂಥವು ಗೇಟ್‌ವೇಯಿಂದ ಹೊರಡುವ ಬಾಣದ ಮೇಲಿನ ಬರಹವಾಗುತ್ತವೆ. ‘ಸರಕು ಬಂದಿದೆ’, ‘14 ದಿನ ಕಳೆದಿದೆ’ ಎಂಬ, ಪ್ರಕ್ರಿಯೆಯ ಹೊರಗಿನಿಂದ ಬರುವ ಘಟನೆಗಳು ಮಾತ್ರ ವೃತ್ತಗಳಾಗಿ ಉಳಿಯುತ್ತವೆ. ಆಗ ‘ಸರಕಿಗಾಗಿ ಕಾಯು’ ಎಂಬ ಕೃತಕ ಆಯತವನ್ನು ಅಳಿಸಿ, ಅದರ ಜಾಗದಲ್ಲಿ ಘಟನಾಧಾರಿತ ಗೇಟ್‌ವೇಯನ್ನು ಇಡಿ.